ಹಂಬನ್‌ತೋಟದ ಬಂದರು, ಮಾಧ್ಯಮಗಳ ಕತೆ

ಶ್ರೀಲಂಕಾದ ದಕ್ಷಿಣ ಕಡಲತಡಿಯ ಹಂಬನ್‌ತೋಟ ಮಲಯ ಮುಸ್ಲಿಮರು ತಲೆಮಾರುಗಳಿಂದ ಬಾಳಿದ ಊರು. ಅವರ 'ಸಂಪಾನ್' ದೋಣಿಗಳಿಂದಲೇ ಊರಿಗೆ ಈ ಹೆಸರು ಬಂತೆನ್ನುತ್ತಾರೆ. 2004ರ ಸುನಾಮಿ ಆ ಊರನ್ನು ಗುಡಿಸಿ ಹಾಕಿತು. ಇಂದು ಹೆಸರು ಕೇಳಿದೊಡನೆ ನೆನಪಾಗುವುದು ಒಂದೇ ಮಾತು: ಚೀನಾದ ಸಾಲದ ಬಲೆ.

ಟಿ.ವಿ., ವಾಟ್ಸ್‌ಆ್ಯಪ್‌ಗಳ ಕತೆ ಚಿಕ್ಕದು. ಚೀನಾ ಸಾಲ ಕೊಟ್ಟಿತು, ಲಂಕೆ ತೀರಿಸಲಿಲ್ಲ, ಚೀನಾ ಬಂದರನ್ನೇ ಕಿತ್ತುಕೊಂಡಿತು!

ನಡೆದದ್ದು ಹಾಗಲ್ಲ. ಬಂದರು ಲಂಕೆಯವರದೇ ಹಳೆಯ ಆಸೆ. ಚೀನಾಕ್ಕಿಂತ ಮೊದಲೇ ಕೆನಡಾ, ಡೆನ್ಮಾರ್ಕಿನ ಕಂಪನಿಗಳು ಅದರ ಬಗ್ಗೆ ವರದಿ ಕೊಟ್ಟಿದ್ದವು. 2007ರಲ್ಲಿ ಚೀನಾದ ಎಕ್ಸಿಮ್ ಬ್ಯಾಂಕು 30.7 ಕೋಟಿ ಡಾಲರ್ ಸಾಲ ಕೊಟ್ಟಿತು. ಬಂದರು ಎದ್ದಿತು, ಹಡಗುಗಳು ಬರಲಿಲ್ಲ. 2017ರಲ್ಲಿ ಅದನ್ನು ಚೀನಾದ ಕಂಪನಿಗೆ 99 ವರ್ಷ ಗುತ್ತಿಗೆಗೆ ಕೊಟ್ಟು ಲಂಕೆ 112 ಕೋಟಿ ಡಾಲರ್ ಪಡೆಯಿತು. ಆ ಹಣದಿಂದ ಬಂದರಿನ ಸಾಲ ತೀರಲಿಲ್ಲ. ಅದು ದೇಶದ ಡಾಲರ್ ಬರ ನೀಗಲು ಹೋಯಿತು. 2022ರ ಏಪ್ರಿಲ್‌ನಲ್ಲಿ ಲಂಕೆ ಸಾಲ ಮರುಪಾವತಿ ನಿಲ್ಲಿಸಿದಾಗ, ವಿದೇಶಿ ಸಾಲದ ಅತಿ ದೊಡ್ಡ ಪಾಲು ಅಂತಾರಾಷ್ಟ್ರೀಯ ಮಾರುಕಟ್ಟೆಯ ಬಾಂಡುಗಳದ್ದಾಗಿತ್ತು. ಬಾಂಡಿಗೆ ಮುಖವಿಲ್ಲ; ಕಾರ್ಟೂನು ಬರೆಯುವುದು ಕಷ್ಟ.

ಹಾಗೆಂದು ಚೀನಾ ಧರ್ಮಾತ್ಮನೇನಲ್ಲ. ಕಾಮಗಾರಿ ಸಿಕ್ಕಿದ್ದು ಅದರ ಕಂಪನಿಗೇ. ಆದರೆ 'ಬಲೆ'ಯ ಕತೆಯಲ್ಲಿ ನುಣುಚಿಕೊಳ್ಳುವವರು ಬೇರೊಬ್ಬರು: ತವರು ಜಿಲ್ಲೆಯ ಬಂದರಿಗೂ ವಿಮಾನ ನಿಲ್ದಾಣಕ್ಕೂ ತಮ್ಮದೇ ಹೆಸರು ಇರಿಸಿಕೊಂಡ ಮಹಿಂದ ರಾಜಪಕ್ಸ.

ಊರವರೂ ಈ ಕತೆಯಲ್ಲಿಲ್ಲ. ಕೈಗಾರಿಕಾ ವಲಯಕ್ಕೆ ಜಮೀನು ಹೋಗುತ್ತದೆಂದು 2017ರ ಜನವರಿಯಲ್ಲಿ ಅವರು ಬೀದಿಗಿಳಿದರು. ಅಶ್ರುವಾಯು ಸಿಡಿಸಿದ್ದು ಲಂಕೆಯದೇ ಪೊಲೀಸರು.