ಯೆತೆರ್: ಒಂದು ತುರ್ಕಿ ಸ್ತ್ರೀನಾಮದ ಅರ್ಥ ಮತ್ತು ಮೂಲ

ವ್ಯಕ್ತಿನಾಮಗಳು ಗುರುತಿನ ಚಿಹ್ನೆಗಳಷ್ಟೇ ಅಲ್ಲ. ಅವು ಕುಟುಂಬದ ಬಯಕೆ, ಭಯ ಮತ್ತು ಹರಕೆಗಳನ್ನು ಉಳಿಸಿಕೊಂಡಿರುವ ಮೌಖಿಕ ದಾಖಲೆಗಳೂ ಹೌದು. ಅನಟೋಲಿಯಾದ ಗ್ರಾಮೀಣ ಸಮಾಜದಲ್ಲಿ ಬಳಕೆಯಲ್ಲಿರುವ 'ಯೆತೆರ್' ಎಂಬ ಸ್ತ್ರೀನಾಮವು ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ.

ತುರ್ಕಿಯ ಫಾತ್ಮಾ, ಆಯ್ಶೆ ಮೊದಲಾದ ಹೆಸರುಗಳು ಅರಬ್ಬೀ ಮೂಲದವು. ಯೆತೆರ್ ಅಚ್ಚ ತುರ್ಕಿ ಪದ. ಇದರ ಧಾತು 'ಯೆತ್'. ಪ್ರಾಚೀನ ತುರ್ಕಿಯಲ್ಲಿ ಈ ಧಾತುವಿಗೆ 'ತಲುಪು, ಮುಟ್ಟು' ಎಂಬ ಅರ್ಥವಿದ್ದಿತು. ಆಧುನಿಕ ತುರ್ಕಿಯಲ್ಲಿ 'ಸಾಲು, ಸಾಕಾಗು' ಎಂಬ ಅರ್ಥವೇ ಪ್ರಧಾನವಾಗಿದೆ. ಧಾತುವಿಗೆ 'ಎರ್' ಪ್ರತ್ಯಯ ಸೇರಿದಾಗ 'ಸಾಕಾಗುತ್ತದೆ' ಎಂಬ ಕ್ರಿಯಾರೂಪ ಸಿದ್ಧಿಸುತ್ತದೆ. ಆಡುಮಾತಿನಲ್ಲಿ ಅದು 'ಸಾಕು' ಎಂಬುದಕ್ಕೆ ಸಮ. ಹೀಗಾಗಿ ಯೆತೆರ್ ನಾಮಪದವಾಗಿ ಹುಟ್ಟಿದ್ದಲ್ಲ. ಅದೊಂದು ಪೂರ್ಣ ವಾಕ್ಯ.

ಈ ವಾಕ್ಯವನ್ನು ಹೆಸರಾಗಿಸಿದ ಸಂದರ್ಭವೇನು? ಸಾಲಾಗಿ ಹೆಣ್ಣುಮಕ್ಕಳು ಹುಟ್ಟಿದಾಗ, ಮುಂದಿನದು ಗಂಡಾಗಲಿ ಎಂಬ ಆಶಯದಿಂದ ಈ ಹೆಸರಿಡುವುದು ರೂಢಿ. ಇನ್ನು ಮಕ್ಕಳೇ ಬೇಡವೆಂಬ ಸಂಕಲ್ಪವೂ ಕೆಲವೊಮ್ಮೆ ಇದರ ಹಿಂದಿರುತ್ತದೆ. 'ಕೊನೆಯ ಗುಲಾಬಿ' ಎಂಬರ್ಥದ ಸೋನ್‌ಗುಲ್, 'ತಿರುಗಿತು' ಎಂಬರ್ಥದ ದೋಂದು ಇದೇ ಗುಂಪಿಗೆ ಸೇರುತ್ತವೆ.

ಇದಕ್ಕೆ ಎದುರಾಗಿ ಇನ್ನೊಂದು ಗುಂಪಿದೆ. ಹುಟ್ಟಿದ ಮಕ್ಕಳು ತೀರಿಕೊಳ್ಳುತ್ತಿದ್ದ ಮನೆಗಳಲ್ಲಿ ದುರ್ಸುನ್ (ಉಳಿಯಲಿ), ದುರ್ದು (ಉಳಿಯಿತು), ಯಶಾರ್ (ಬದುಕುತ್ತದೆ) ಎಂಬ ಹೆಸರುಗಳನ್ನಿಡುತ್ತಿದ್ದರು. ಮಗುವನ್ನು ಸಂತನ ಸಮಾಧಿಗೆ ಸಾಂಕೇತಿಕವಾಗಿ ಮಾರಿ ಮೃತ್ಯುವಿನಿಂದ ಮರೆಮಾಡುವ ಆಚರಣೆಯಿಂದ ಸಾತಿ, ಸಾತಿಲ್ಮಿಶ್ ಎಂಬ ಹೆಸರುಗಳು ಬಂದವು. ಒಂದು ಗುಂಪು 'ಉಳಿಯಲಿ' ಎನ್ನುತ್ತದೆ, ಇನ್ನೊಂದು 'ಸಾಕು' ಎನ್ನುತ್ತದೆ. ಎರಡೂ ಮಗುವನ್ನು ಕುರಿತು ಆಡಿದ ಮಾತುಗಳಲ್ಲ, ವಿಧಿಯನ್ನು ಕುರಿತು ಆಡಿದವು. ಹೆಸರಿಗೆ ಮಂತ್ರಶಕ್ತಿಯಿದೆಯೆಂಬ ಜನಪದ ನಂಬಿಕೆಯೇ ಎರಡಕ್ಕೂ ಆಧಾರ.

ಕನ್ನಡದ ಸಾಕಮ್ಮ ಎಂಬ ಹೆಸರನ್ನೂ 'ಹೆಣ್ಣು ಸಾಕು' ಎಂದು ವಿವರಿಸುವುದುಂಟು. ಆದರೆ ಕನ್ನಡದ 'ಸಾಕು' ಪೋಷಿಸು ಎಂಬರ್ಥವನ್ನೂ ಹೊಂದಿರುವುದರಿಂದ ಆ ಹೆಸರಿಗೆ ಇನ್ನೊಂದು ಅರ್ಥದ ಆಸರೆ ದೊರೆಯುತ್ತದೆ. ಯೆತೆರ್‌ಗೆ ಅಂತಹ ಆಸರೆಯಿಲ್ಲ. ಈ ಸಾದೃಶ್ಯವನ್ನು ಕೊಡುಕೊಳೆಯೆಂದು ಭಾವಿಸಬೇಕಾಗಿಲ್ಲ. ಗಂಡುಸಂತಾನವನ್ನೇ ಬಯಸುವ ಎರಡು ಸಮಾಜಗಳು ಸ್ವತಂತ್ರವಾಗಿ ಒಂದೇ ಮಾತನ್ನು ತಲುಪಿರಬಲ್ಲವು.

ಹೆಸರಿಟ್ಟವರ ಉದ್ದೇಶ ಅಲ್ಲಿಗೇ ಮುಗಿಯುತ್ತದೆ. ಹೊತ್ತವರ ಬದುಕು ಮುಂದುವರಿಯುತ್ತದೆ. ತುರ್ಕಿಯ ಮಹಿಳೆಯರಿಗೆ 1934ರಲ್ಲಿ ಸಂಸತ್ತಿನ ಮತಾಧಿಕಾರ ದೊರೆಯಿತು. 1935ರಲ್ಲಿ ಆಯ್ಕೆಯಾದ ಮೊದಲ ಸದಸ್ಯೆಯರಲ್ಲಿ ಅಂಕಾರಾ ಸಮೀಪದ ಅಂದಿನ ಕಜಾನ್ ಗ್ರಾಮದ ರೈತಮಹಿಳೆ ಸಾತಿ ಚಿರ್ಪಾನ್ ಒಬ್ಬರು. ಅವರ ಹೆಸರನ್ನು ಅತಾತುರ್ಕ್ 'ಹಾತಿ' ಎಂದು ಬದಲಿಸಿದರು. 'ಮಾರಾಟ'ವನ್ನು ಸೂಚಿಸುವ ಹರಕೆಯ ಹೆಸರು ಹೋಗಿ, ಪ್ರಾಚೀನ ಹಿಟ್ಟೈಟರನ್ನು ನೆನಪಿಸುವ ಹೆಸರು ಬಂದಿತು. ಸಾಮಾನ್ಯ ಮಹಿಳೆಗೆ ಇರುವ ದಾರಿ ನ್ಯಾಯಾಲಯದ್ದು: 2002ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯ 27ನೆಯ ವಿಧಿಯಂತೆ ಸಕಾರಣವಿದ್ದಲ್ಲಿ ಹೆಸರನ್ನು ಬದಲಿಸಿಕೊಳ್ಳಬಹುದು.

ಆದುದರಿಂದ ಯೆತೆರ್ ಎಂಬುದರ ಅರ್ಥವನ್ನು ನಿಘಂಟಿನಲ್ಲಿ ಮಾತ್ರ ಹುಡುಕಿದರೆ ಸಾಲದು. ತನ್ನ ಬರವೇ ಕೊನೆಯಾಗಲೆಂದು ಹೇಳುವ ಹೆಸರಿಗೆ ದಿನವೂ ಓಗೊಡುವ ಹೆಣ್ಣಿನ ಅನುಭವವೂ ಆ ಅರ್ಥದ ಭಾಗವೆಂದು ನಾಮಾಧ್ಯಯನವು ಪರಿಗಣಿಸಬೇಕಾಗಿದೆ.