ಡೆಂಟಲ್ ಮೆಕ್ಯಾನಿಕ್‌ ಅರ್ಹತೆ: 1948ರ ಕಾಯ್ದೆಯ 12ನೇ ಕಲಂ ಕುರಿತು

ಮೈಸೂರಿನ ಜೆಎಸ್‌ಎಸ್, ಫಾರೂಕಿಯಾ ದಂತ ಕಾಲೇಜುಗಳಲ್ಲಿ ಬಿಡಿಎಸ್ ಎರಡನೇ ವರ್ಷದ ವಿದ್ಯಾರ್ಥಿಗಳು ಮೇಣದಲ್ಲಿ ಹಲ್ಲು ಜೋಡಿಸಿ ತೋರಿಸುವ ಪ್ರಾಯೋಗಿಕ ಪರೀಕ್ಷೆ ಎದುರಿಸುತ್ತಾರೆ. ಲ್ಯಾಬಿನಲ್ಲಿ ಹಿರಿಯರ ಪಕ್ಕ ಕುಳಿತು ಅದೇ ಕೆಲಸ ಕಲಿತು, ಅದರಲ್ಲೇ ಬಾಳು ಸವೆಸುವವರಿಗೆ ಇಂಥ ಪರೀಕ್ಷೆಯ ಅವಕಾಶವೇ ಸಿಗುವುದಿಲ್ಲ. ಬ್ರಿಟನ್ 2008ರಲ್ಲಿ ದಂತ ತಂತ್ರಜ್ಞರ ನೋಂದಣಿಯನ್ನು ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ ದಂತ ತಂತ್ರಜ್ಞರಿಗಿರುವ ಸಿಡಿಟಿ ಪ್ರಮಾಣಪತ್ರಕ್ಕೆ ಲಿಖಿತ ಪರೀಕ್ಷೆಯ ಜೊತೆ ಕೈಕೆಲಸದ ಪರೀಕ್ಷೆಯೂ ಇದೆ.

ನಮ್ಮಲ್ಲಿ, ಹಲ್ಲುಸೆಟ್ಟು ತಯಾರಿಸುವ ಡೆಂಟಲ್ ಮೆಕ್ಯಾನಿಕ್ ಆಗಿ ನೋಂದಾಯಿಸಿಕೊಳ್ಳಲು ಎರಡು ವರ್ಷದ ಡಿಪ್ಲೊಮಾ ಇಲ್ಲದವರಿಗೆ ಕಾನೂನೇ ಬಾಗಿಲು ಮುಚ್ಚಿದೆ ಎಂಬ ಮಾತು ರೂಢಿಯಲ್ಲಿದೆ. ಇದನ್ನು ಒಪ್ಪಲಾಗದು. 1948ರ ದಂತವೈದ್ಯರ ಕಾಯ್ದೆಯ 11ನೇ ಕಲಂ ಡೆಂಟಲ್ ಹೈಜಿನಿಸ್ಟರ ವಿಷಯದಲ್ಲಿ, ಪ್ರಾಧಿಕಾರಗಳು ಕೊಡುವ ವಿದ್ಯಾರ್ಹತೆಯ ಮಾನ್ಯತೆಯನ್ನು ಮುಂದಿಡುತ್ತದೆ. ಮೆಕ್ಯಾನಿಕ್‌ಗಳ ಕುರಿತ 12ನೇ ಕಲಂನ ಧಾಟಿಯೇ ಬೇರೆ: ಅಪ್ರೆಂಟಿಸ್‌ಗಿರಿ ಅಥವಾ ತರಬೇತಿಯ ಅವಧಿ, ಸ್ವರೂಪ ಮತ್ತು ಇತರ ಷರತ್ತುಗಳನ್ನು ಭಾರತೀಯ ದಂತ ಪರಿಷತ್ತು ನಿಗದಿಪಡಿಸಬಹುದು. ಕೆಲಸ ಮಾಡುತ್ತಲೇ ಕಲಿಯುವುದನ್ನು ಶಾಸನ ಇಲ್ಲಿ ತರಬೇತಿಗೆ ಸರಿಸಮನಾಗಿ ಇಟ್ಟಿದೆ. ಲ್ಯಾಬಿನಲ್ಲಿ ಕಲಿತವರಿಗೊಂದು ಅರ್ಹತಾ ಪರೀಕ್ಷೆಯನ್ನು ‘ಇತರ ಷರತ್ತು’ಗಳಡಿ ತರಬಹುದಾಗಿತ್ತು ಎಂಬುದು ನನ್ನ ವಾದ. ಆದರೆ ಕಲಂ ಪರೀಕ್ಷೆಯ ಹೆಸರೆತ್ತುವುದಿಲ್ಲ. ‘ನಿಗದಿಪಡಿಸಬಹುದು’ ಎಂದಷ್ಟೇ ಹೇಳುತ್ತದೆ. ಹಾಗಾಗಿ ಅವಕಾಶವಿತ್ತು ಎನ್ನಬಹುದೇ ಹೊರತು ಕರ್ತವ್ಯವಿತ್ತು ಎನ್ನಲಾಗದು.

ಟ್ರಯಲ್‌ನಲ್ಲಿ ಕೂರದ ಹಲ್ಲುಸೆಟ್ಟನ್ನು ವೈದ್ಯರೇ ಹಿಂದಕ್ಕೆ ಕಳಿಸುತ್ತಾರೆ, ಪರೀಕ್ಷೆ ನಿತ್ಯವೂ ನಡೆಯುತ್ತಿದೆಯಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಅಂಚು, ಕಚ್ಚು, ಬಣ್ಣ ವೈದ್ಯರ ಕಣ್ಣಿಗೆ ಬೀಳುತ್ತವೆ. ಆದರೆ ಬಿಸಿನೀರಿನ ಕ್ಯೂರಿಂಗ್‌ನ ಒಂದು ಮಾನ್ಯ ಕ್ರಮದಲ್ಲಿ ಅಕ್ರಿಲಿಕ್ಕನ್ನು 74 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ, ಆಮೇಲೆ 100 ಡಿಗ್ರಿಯಲ್ಲಿ 1 ಗಂಟೆ ಇಡಬೇಕು. ಅವಸರದಲ್ಲಿ ಈ ಅವಧಿ ಮೊಟಕಾದರೆ ಸೆಟ್ಟಿನೊಳಗೆ ಗಟ್ಟಿಯಾಗದ ಮಾನೋಮರ್ ಹೆಚ್ಚು ಉಳಿಯುತ್ತದೆ. ಕೆಲವರ ಒಸಡಿಗೆ ಉರಿ ತರುತ್ತದೆ. ಪಾಲಿಶ್ ಆದ ಮೇಲೆ ಪೂರ್ತಿ ಬೆಂದ ಸೆಟ್ಟೂ ಅರೆಬೆಂದ ಸೆಟ್ಟೂ ಕಣ್ಣಿಗೆ ಒಂದೇ. ಆದ್ದರಿಂದ, ಕನಿಷ್ಠ ಅಕ್ರಿಲಿಕ್ ಕೆಲಸದ ಮಟ್ಟಿಗಾದರೂ, ಸಿದ್ಧವಸ್ತುವಿಗಷ್ಟೇ ಅಂಕ ಕೊಡುವ ಪರೀಕ್ಷೆ ಸಾಲದು. ಪರೀಕ್ಷಕರು ಕೆಲಸದ ಹಂತಗಳನ್ನೂ ನೋಡಬೇಕು. ಜಿರ್ಕೋನಿಯಾ ಕ್ಯಾಪ್‌ಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವವರಿಗೂ ಇದೇ ಮಾತು ಹೊಂದುತ್ತದೆಂದು ನಾನು ಹೇಳಲಾರೆ. ಅಲ್ಲಿ ತಪ್ಪು ನುಸುಳುವ ಜಾಗಗಳೇ ಬೇರೆ.

1948ರ ಕಾಯ್ದೆಗೆ ಬದಲಾಗಿ ಸಂಸತ್ತು 2023ರಲ್ಲಿ ಒಪ್ಪಿದ ರಾಷ್ಟ್ರೀಯ ದಂತ ಆಯೋಗ ಕಾಯ್ದೆ, ದಂತವೈದ್ಯರಿಗೆ ರಾಷ್ಟ್ರೀಯ ನಿರ್ಗಮನ ಪರೀಕ್ಷೆಯನ್ನು ವಿಧಿಸುತ್ತದೆ. ಆ ಕಾಯ್ದೆಯಡಿಯ ನಿಯಮಗಳಲ್ಲಿ ಲ್ಯಾಬಿನಲ್ಲೇ ಕಲಿತವರ ಅನುಭವಕ್ಕೆ ಎಷ್ಟು ಬೆಲೆ ಸಿಗಬೇಕು, ಅವರನ್ನು ಪರೀಕ್ಷಿಸುವವರು ದಂತವೈದ್ಯರೋ ಹಿರಿಯ ತಂತ್ರಜ್ಞರೋ ಎಂಬುದು ಇನ್ನೂ ಚರ್ಚೆಯಾಗಬೇಕಾದ ಪ್ರಶ್ನೆ.