ಚಂದಾ ಪಟ್ಟಿಯೋ ಶಾಸನವೋ: ಬೆಳಗೊಳದ ಸೆಟ್ಟಿಗಳ ದಾನವನ್ನು ಕುರಿತು

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ದಾನವೆಂದೊಡನೆ ನೆನಪಾಗುವ ಹೆಸರು ಅತ್ತಿಮಬ್ಬೆಯದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, ರನ್ನನ ಅಜಿತಪುರಾಣಕ್ಕೆ (ಕ್ರಿ.ಶ. 993) ಆಶ್ರಯವಿತ್ತ, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಆ ಮಹಾತಾಯಿಗೆ 'ದಾನಚಿಂತಾಮಣಿ' ಎಂಬ ಬಿರುದು ಸರ್ವಥಾ ಸಲ್ಲುವಂಥದು. ಆದರೆ ನಮ್ಮ ತರಗತಿಗಳಲ್ಲಿ ದಾನದ ಚರಿತ್ರೆ ಬಹುಮಟ್ಟಿಗೆ ಅಲ್ಲಿಗೇ ನಿಂತುಬಿಡುತ್ತದೆ. ಕೆಲವು ವರ್ಷಗಳ ಹಿಂದೆ ಶ್ರವಣಬೆಳಗೊಳದ ಹೊಯ್ಸಳಕಾಲದ ದಾನಶಾಸನವೊಂದನ್ನು ಪಾಠ ಮಾಡುತ್ತಿದ್ದಾಗ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿನಿಯೊಬ್ಬಳು, "ಸರ್, ಇದು ಬರೀ ಚಂದಾ ಪಟ್ಟಿಯಲ್ಲವೇ?" ಎಂದು ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕು ಮುಂದಿನ ಸಾಲಿಗೆ ಹೋದೆ. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸುತ್ತಿದ್ದೇನೆ.

ಅಧಿಕಾರಸ್ಥರ ಔದಾರ್ಯದ ಕಥೆ ಬೆಳಗೊಳದಲ್ಲಿ ಬೇಕಾದಷ್ಟಿದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಕಣ್ಣೇಗಾಲದಲ್ಲಿ ಚಾಲುಕ್ಯರ ಬೀಡಿನ ಮೇಲೆ ರಾತ್ರಿ ಎರಗಿ ಗೆದ್ದು ಬಂದಾಗ, ಮೆಚ್ಚಿದ ಅರಸನು ಬೇಕಾದುದನ್ನು ಬೇಡೆಂದನಂತೆ. ಗಂಗರಾಜನು ಪರಮ ಎಂಬ ಗ್ರಾಮವನ್ನು ಬೇಡಿ ಪಡೆದು, ಅದನ್ನು ತನ್ನ ತಾಯಿ ಪೋಚಲದೇವಿಯೂ ಮಡದಿ ಲಕ್ಷ್ಮೀದೇವಿಯೂ ಮಾಡಿಸಿದ ಜಿನಾಲಯಗಳಿಗೆ ಬಿಟ್ಟುಕೊಟ್ಟನು. ಗೊಮ್ಮಟನ ಸುತ್ತಾಲಯವೂ ಅವನದೇ ನಿರ್ಮಾಣ. ಮುಂದೆ ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ ಚತುರ್ವಿಂಶತಿ ಜಿನಾಲಯವನ್ನು ಕಟ್ಟಿಸಿದ. ಅರಸನೇ ಬಂದು ಸವಣೇರನ್ನು ದತ್ತಿಯಾಗಿತ್ತ. ಇವೆಲ್ಲ ಪ್ರಸಿದ್ಧವಾದುವೇ. ಊರನ್ನೇ ಕೊಡಬಲ್ಲವನು ಊರನ್ನು ಕೊಟ್ಟ ಸಂಗತಿಗಳಿವು. ಅವನ್ನು ಕಿರಿದು ಮಾಡುವ ಉದ್ದೇಶ ನನಗಿಲ್ಲ. ಆದರೆ ನನ್ನ ಕುತೂಹಲವಿರುವುದು ಊರನ್ನು ಕೊಡಲಾಗದವರಲ್ಲಿ.

ಹಾಸನದ ಸಮೀಪದ ಮೊಸಳೆ ಇಂದು ಅದರ ಜೋಡಿ ದೇಗುಲಗಳಿಂದ ಪರಿಚಿತ. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ವರ್ತಕರ ಊರಾಗಿತ್ತು. ಅಲ್ಲಿಯ ಬಸವಿಸೆಟ್ಟಿ ನಯಕೀರ್ತಿ ಸಿದ್ಧಾಂತಚಕ್ರವರ್ತಿಗಳ ಶಿಷ್ಯ. ಶಾಸನ ಅವನನ್ನು 'ಬಡ್ಡವ್ಯವಹಾರಿ', ಎಂದರೆ ದೊಡ್ಡ ವ್ಯಾಪಾರಿ, ಎಂದು ಕರೆಯುತ್ತದೆ. ಅವನು ಗೊಮ್ಮಟನ ಸುತ್ತಾಲಯದಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಮೂರ್ತಿಗಳನ್ನು ಮಾಡಿಸಿದನು. ಇಷ್ಟಕ್ಕೇ ಮುಗಿದಿದ್ದರೆ ಅದು ಮತ್ತೊಬ್ಬ ಧನಿಕನ ಮತ್ತೊಂದು ಕೀರ್ತಿಕಾರ್ಯವಾಗುತ್ತಿತ್ತು. ಆದರೆ ಮೂರ್ತಿ ನಿಂತ ಮೇಲೆ ನಿತ್ಯದ ಅರ್ಚನೆ ನಡೆಯಬೇಕಲ್ಲ? ಅದನ್ನು ಮೊಸಳೆಯ ಇತರ ವರ್ತಕರು ವಹಿಸಿಕೊಂಡರು. ವರ್ಷವರ್ಷವೂ ಇಂತಿಷ್ಟು ಕೊಡುತ್ತೇವೆಂದು ಒಬ್ಬೊಬ್ಬರೂ ಒಪ್ಪಿ, ಹೆಸರನ್ನೂ ಮೊತ್ತವನ್ನೂ ಕಲ್ಲಿಗೆ ಹಾಕಿಸಿದರು. ಮೊತ್ತಗಳು ಸಣ್ಣವು. ಹೆಚ್ಚು ಕೊಡಬಲ್ಲವನ ಹೆಸರೂ ಕಡಿಮೆ ಕೊಡಬಲ್ಲವನ ಹೆಸರೂ ಒಂದೇ ಬಂಡೆಯ ಮೇಲೆ, ಒಂದೇ ಅಳತೆಯ ಅಕ್ಷರಗಳಲ್ಲಿ ಬರುತ್ತವೆ. ದಂಡನಾಯಕರ ಶಾಸನಗಳಲ್ಲಿ ಪುಟಗಟ್ಟಲೆ ಹರಿಯುವ ಪ್ರಶಸ್ತಿಪದ್ಯಗಳು ಈ ವರ್ತಕರಿಗಿಲ್ಲ.

ವಿದ್ಯಾರ್ಥಿನಿ ಹೇಳಿದ್ದು ನಿಜ, ಇದು ಚಂದಾ ಪಟ್ಟಿಯೇ. ಆದರೆ ಪಟ್ಟಿ ಕಾಗದದ ಮೇಲಿದ್ದರೆ ಕೊಡುವವನಿಗೆ ಮರೆಯುವ ಅನುಕೂಲವಿರುತ್ತದೆ. ಕಲ್ಲಿನ ಮೇಲಿದ್ದರೆ ಮೊಮ್ಮಗನಿಗೂ ಆ ಅನುಕೂಲವಿಲ್ಲ. ವ್ಯಾಪಾರಿ ತನ್ನ ಸಾಲಪತ್ರಕ್ಕೆ ಎಷ್ಟು ಬದ್ಧನೋ ಅಷ್ಟೇ ಬದ್ಧತೆಯನ್ನು ತನ್ನ ದಾನಕ್ಕೂ ತಾನೇ ವಿಧಿಸಿಕೊಂಡದ್ದು ಇಲ್ಲಿಯ ವಿಶೇಷವೆಂದು ನನ್ನ ಎಣಿಕೆ.

ಹದಿಮೂರನೆಯ ಶತಮಾನದ ಹಾಲಿನ ದತ್ತಿಗಳಲ್ಲಿ ಈ ವ್ಯಾಪಾರಬುದ್ಧಿ ಇನ್ನೂ ಸ್ಪಷ್ಟ. ಗೊಮ್ಮಟನ ನಿತ್ಯಾಭಿಷೇಕಕ್ಕೆಂದು ಭಕ್ತನೊಬ್ಬ ಕೆಲವು ಗದ್ಯಾಣಗಳನ್ನು ಇರಿಸುತ್ತಾನೆ. ಆ ಹೊನ್ನು ಕರಗಕೂಡದು. ಅದರ ಬಡ್ಡಿಯಿಂದ ದಿನಕ್ಕೆ ಇಷ್ಟು ಅಳತೆಯ ಹಾಲು ಆಚಂದ್ರಾರ್ಕವಾಗಿ ಸಲ್ಲಬೇಕು. ಮೂಲಧನವನ್ನು ಮುಟ್ಟದೆ ಫಲವನ್ನು ಮಾತ್ರ ಬಳಸುವ ಈ ಏರ್ಪಾಡು ಇಂದಿನ ಶಾಶ್ವತ ನಿಧಿಗಳ ಏರ್ಪಾಡೇ. ಹೂವಿನ ಪೂಜೆಗೆಂದು ವರ್ತಕರು ಭೂಮಿಯನ್ನು ಕೊಂಡು ಮಾಲೆಗಾರನಿಗೆ ಬಿಟ್ಟ ಶಾಸನಗಳೂ ಉಂಟು. ಅಲ್ಲಿ ದೇವರಿಗೆ ಹೂವು, ಮಾಲೆಗಾರನ ಮನೆತನಕ್ಕೆ ಜೀವನೋಪಾಯ. ಎರಡೂ ಒಂದೇ ಬರಹದಲ್ಲಿ ಸಿದ್ಧವಾಗುತ್ತವೆ.

ಹಾಲಿನ ಮಾತು ಬಂದುದರಿಂದ ಗುಳ್ಳಕಾಯಜ್ಜಿಯನ್ನು ನೆನೆಯದೆ ಮುಂದುವರಿಯಲಾಗದು. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ತೊಡೆಯಿಂದ ಕೆಳಗಿಳಿಯಲಿಲ್ಲ, ಅಜ್ಜಿಯ ಗುಳ್ಳಕಾಯಿಯಷ್ಟು ಹಾಲು ಅಡಿಯನ್ನು ಮುಟ್ಟಿ ಬೆಟ್ಟದಿಂದಿಳಿಯಿತು ಎಂಬ ಐತಿಹ್ಯವನ್ನು ಚರಿತ್ರೆಯೆಂದು ಯಾರೂ ಹೇಳರು. ಆದರೂ ಆ ಕಥೆ ಎಲ್ಲಿ ಬೆಳೆಯಿತೆಂಬುದನ್ನು ಗಮನಿಸಬೇಕು. ಒಂದು ಅಳತೆ ಹಾಲಿಗೆ ನಾಲ್ಕಾರು ಗದ್ಯಾಣ ಇಟ್ಟವರ ಹೆಸರುಗಳು ಬಂಡೆಬಂಡೆಯ ಮೇಲಿರುವ ಊರಿನಲ್ಲಿ ಅದು ಬೆಳೆಯಿತು. ಮಂತ್ರಿಯ ಗರ್ವಭಂಗದ ಕಥೆಯೆಂದೇ ಅದನ್ನು ಓದುವ ರೂಢಿ ನಮ್ಮದು; ಸಣ್ಣ ದಾನಿಗಳ ಕಥೆಯೆಂದು ಓದಿದರೆ ಅದು ಶಾಸನಗಳಿಗೆ ಹತ್ತಿರವಾಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ಸಂಶೋಧಕರು ಕೇಳಲೇಬೇಕು: ಕೊಟ್ಟ ಹೊನ್ನು ಬಂದ ದಾರಿ ಯಾವುದು? ಶಾಸನಗಳು ಇದನ್ನು ಹೇಳುವುದಿಲ್ಲ. ಬಡ್ಡಿಯಿಂದ ನಡೆಯುವ ಪೂಜೆಯ ಹಿಂದೆ ಬಡ್ಡಿ ತೆತ್ತವನೊಬ್ಬ ಇದ್ದೇ ಇರುತ್ತಾನೆ. ಅವನ ಹೆಸರು ಕಲ್ಲಿನಲ್ಲಿಲ್ಲ. ಶ್ರಾವಕಾಚಾರವಾದರೂ ಈ ವಿಷಯದಲ್ಲಿ ಮೌನವಾಗಿಲ್ಲ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೊಳ್ಳಲೊಂದು ಮಾರಲೊಂದು ಅಳತೆ ಇರಿಸಿಕೊಳ್ಳುವುದನ್ನೂ ಕಲಬೆರಕೆಯನ್ನೂ ಕಳ್ಳಮಾಲು ಕೊಳ್ಳುವುದನ್ನೂ ಹೆಸರಿಸುತ್ತದೆ. ಪರಿಗ್ರಹಪರಿಮಾಣ ವ್ರತವು ಆಸ್ತಿಗೆ ಮಿತಿಯನ್ನು ಹಾಕಿಕೊಳ್ಳುವಂತೆ ಗೃಹಸ್ಥನಿಗೆ ವಿಧಿಸುತ್ತದೆ. ಸಮಂತಭದ್ರರ ರತ್ನಕರಂಡ ಶ್ರಾವಕಾಚಾರದಲ್ಲಿ ಆಹಾರ, ಔಷಧ ಮೊದಲಾದ ದಾನಗಳ ವಿಚಾರ ಬರುವುದು ಈ ಅಣುವ್ರತಗಳನ್ನು ಹೇಳಿಯಾದ ಮೇಲೆ. ತಕ್ಕಡಿ ಮೊದಲು, ದಾನ ಆನಂತರ. ಎಲ್ಲ ಸೆಟ್ಟಿಗಳೂ ಹೀಗೆಯೇ ಬದುಕಿದರೆಂದು ನಾನು ವಾದಿಸುವುದಿಲ್ಲ. ಅವರನ್ನು ಅಳೆಯಬೇಕಾದ ಕೋಲು ಅವರ ಸಮಯದೊಳಗೇ ಇತ್ತೆಂಬುದಷ್ಟೇ ನನ್ನ ಮಾತು.

ಕೊನೆಯದಾಗಿ 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದದಲ್ಲಿ ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ಎರಡು ದರ್ಶನಗಳಿಗೂ ಭೇದವಿಲ್ಲವೆಂದ ಭಾಗವನ್ನು ಎಲ್ಲರೂ ಉದಾಹರಿಸುತ್ತಾರೆ. ಅದರ ಮುಂದಿನ ಭಾಗವನ್ನು ಓದುವವರು ವಿರಳ. ಸೌಹಾರ್ದ ಉಳಿಯಲು ಹಣ ಬೇಕೆಂಬುದನ್ನು ಆ ಶಾಸನ ಬಲ್ಲದು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದನ್ನು ತಿರುಮಲೆಯ ತಾತಯ್ಯ ಸಂಗ್ರಹಿಸಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಜೈನರ ಹಣಕ್ಕೆ ವೈಷ್ಣವನೊಬ್ಬ ಹೊಣೆಗಾರ! ಇದು ದಾನವೋ ತೆರಿಗೆಯೋ ಎಂದು ಕೇಳಬಹುದು. ಭವ್ಯರೆಲ್ಲರ ಒಪ್ಪಿಗೆಯಿಂದ ಎತ್ತುವುದೆಂದು ಶಾಸನವೇ ಹೇಳುವುದರಿಂದ ಎರಡರ ನಡುವಿನದೆಂದು ನಾನು ತಿಳಿಯುತ್ತೇನೆ. ಅರಸನಲ್ಲಿಗೆ ಬಿನ್ನಹವನ್ನು ಒಯ್ದ ಕಲ್ಲೇಹದ ಬುಸುವಿಸೆಟ್ಟಿಗೆ ಎರಡು ಸಮಯದವರೂ ಕೂಡಿ 'ಸಂಘನಾಯಕ' ಪಟ್ಟ ಕಟ್ಟಿದರು. ಕಾವಲಿನವರಿಗೆ ಕೊಟ್ಟು ಉಳಿದ ಹಣದ ವಿನಿಯೋಗವನ್ನೂ ಆ ಶಾಸನ ಮರೆತಿಲ್ಲ: ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು.